ಗೌಜಲಹಕ್ಕಿ ಬೇಟೆ (ಚಿತ್ರದುರ್ಗ ಸೀಮೆ)

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕುರುಚಲು ಕಾಡು, ಹುಲ್ಲುಗಾವಲು, ಹೊಲದ ಬದುಗಳಲ್ಲಿ ವಾಸಿಸುವ ನೆಲದ ಹಕ್ಕಿಯೊಂದರ ಬೇಟೆ. ಈಗ ಇದು ಶಿಕ್ಷಾರ್ಹ ಅಪರಾಧ.

ಗೌಜಲಹಕ್ಕಿ ಸುಮಾರು 30 ಸೆಂ.ಮೀ. ಉದ್ದವಿದ್ದು, ಕಾಲು ಕಿಲೋ ಆಸುಪಾಸು ತೂಗುತ್ತದೆ. ಮೈಮೇಲಿನ ಕಂದು, ಬೂದು ಗೆರೆಗಳು ಒಣಹುಲ್ಲಿನೊಂದಿಗೆ ಬೆರೆತುಹೋಗುವುದರಿಂದ ಕಣ್ಣಿಗೆ ಬೀಳುವ ಮೊದಲೇ ಅದರ ಕೂಗು ಕಿವಿಗೆ ಬೀಳುತ್ತದೆ. ಗಾಬರಿಯಾದರೆ ಓಡಿಹೋಗಿ ಜಾಲಿ, ಕಾರೆಪೊದೆಗಳಲ್ಲಿ ಅಡಗುತ್ತದೆ. ತೀರಾ ಹತ್ತಿರ ಹೋದರಷ್ಟೇ ರೆಕ್ಕೆ ಬಡಿದು ಏಳುತ್ತದೆ.

ಬೇಟೆಯ ಉಪಾಯವೂ ಆ ಕೂಗಿನ ಮೇಲೆಯೇ ನಿಂತಿತ್ತು. ಗಂಡುಹಕ್ಕಿ ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಬೇಟೆಗಾರರು ಪಳಗಿಸಿದ ಗಂಡನ್ನು, ಅಂದರೆ ದೀಮದ ಹಕ್ಕಿಯನ್ನು, ಪಂಜರದಲ್ಲಿಟ್ಟು ಬೆಳಗಿನ ಜಾವ ಪೊದೆಗಳ ನಡುವೆ ಇಡುತ್ತಿದ್ದರು. ಸುತ್ತ ಗೂಟಗಳಿಗೆ ಉರುಲು ಕಟ್ಟುತ್ತಿದ್ದರು. ದೀಮದ ಕೂಗು ಕೇಳಿ ಕಾದಾಡಲು ನುಗ್ಗಿದ ಕಾಡುಹಕ್ಕಿಯ ಕಾಲು ಉರುಲಿಗೆ ಸಿಕ್ಕುತ್ತಿತ್ತು. ಅಮೆರಿಕದ ಕಾಡುಗಳಲ್ಲಿ ಟರ್ಕಿ ಕೋಳಿಯ ಬೇಟೆಗಾರರು ವಸಂತದಲ್ಲಿ ಹೆಣ್ಣಿನ ದನಿ ಅನುಕರಿಸಿ ಗಂಡನ್ನು ಕರೆಯುತ್ತಾರೆ. ಅಲ್ಲಿ ಸೆಳೆಯುವುದು ಸಂಗಾತಿಯ ಆಸೆ, ಇಲ್ಲಿ ಎದುರಾಳಿಯ ಮೇಲಿನ ಸಿಟ್ಟು.

ನೆಲದ ಹಕ್ಕಿಗಳ ಕಾದಾಡುವ ಈ ಗುಣವನ್ನು ಕನ್ನಡನಾಡಿನ ಅರಮನೆಗಳೂ ಅರಿತಿದ್ದವು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಬೇಟೆ, ಡೇಗೆಯಾಟ (ಪಳಗಿಸಿದ ಡೇಗೆಯಿಂದ ಹಕ್ಕಿ ಹಿಡಿಸುವ ಆಟ)ಗಳ ಜೊತೆಗೆ ಲಾವುಗೆ (ಕ್ವೇಲ್) ಹಕ್ಕಿಗಳ ಕಾಳಗದ ವಿವರವೂ ಇದೆ.

ದುರ್ಗದ ಪಾಳೆಯಗಾರರು ಬೇಟೆಯ ಕುಲದವರಾದ ಬೇಡರು. ವಿಜಯನಗರದ ಕಾಲದಲ್ಲಿ ತಿಮ್ಮಣ್ಣನಾಯಕ ಮೊದಲು ಹೊಳಲ್ಕೆರೆಯ, ಬಳಿಕ ಹಿರಿಯೂರಿನ, ಆಮೇಲೆ ಚಿತ್ರದುರ್ಗದ ನಾಯಕನಾದ. 1779ರಲ್ಲಿ ಹೈದರ್ ಅಲಿ ಕೋಟೆಯನ್ನು ಗೆದ್ದು ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹಟ್ಟಿಗಳಲ್ಲಿ ದನ ಕಾಯುತ್ತ ಉಳಿದ ಮ್ಯಾಸಬೇಡರಲ್ಲಿ ಒಂದು ವಿಶೇಷ ಕಟ್ಟಳೆ ಇದೆ: ಬೇಟೆಯ ಪರಂಪರೆಯವರಾದರೂ ಸಂಪ್ರದಾಯಸ್ಥರು ಊರಕೋಳಿಯನ್ನು ಸಾಕುವುದಿಲ್ಲ, ತಿನ್ನುವುದಿಲ್ಲ.

ಹಕ್ಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡಿದ್ದವರು ಅಲೆಮಾರಿ ಹಕ್ಕಿಪಿಕ್ಕಿಗಳು. ಗುಜರಾತಿಗೆ ಹತ್ತಿರವಾದ ವಾಗ್ರಿ ಅವರ ಮನೆಮಾತು. ಬಲೆ, ಉರುಲುಗಳಲ್ಲಿ ಹಿಡಿದ ಗೌಜಲ, ಬುರ್ಲಿ ಹಕ್ಕಿಗಳನ್ನು ಊರೂರು ಸುತ್ತಿ ಮಾರುತ್ತಿದ್ದರು.

ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲೂ ಸಣ್ಣ ಬೇಟೆಗೆ ಪರವಾನಗಿ ಪಡೆಯುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಬೇಟೆ ಕೈಬಿಟ್ಟ ಹಕ್ಕಿಪಿಕ್ಕಿಗಳಲ್ಲಿ ಹಲವರು ಗಿಡಮೂಲಿಕೆ, ತಲೆಗೂದಲಿನ ಎಣ್ಣೆಯ ವ್ಯಾಪಾರ ಹಿಡಿದು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಭುಗಿಲೆದ್ದಾಗ ಅಲ್ಲಿ ಸಿಲುಕಿದ ಕನ್ನಡಿಗರಲ್ಲಿ ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ಹಕ್ಕಿಪಿಕ್ಕಿಗಳೂ ಇದ್ದರು.