ಜತ್ತ ತಾಲೂಕು: ನೆಲ, ನೀರು ಮತ್ತು ಇತಿಹಾಸ

ದೊಡ್ಡ ರಾಜಧಾನಿಗಳ ಚರಿತ್ರೆಯನ್ನು ಬರೆಯುವವರು ಬಹುಮಂದಿ. ಸಣ್ಣ ಸೀಮೆಗಳ ಚರಿತ್ರೆಯನ್ನಾದರೋ ಆಯಾ ಸೀಮೆಯವರೇ ಬರೆದುಕೊಳ್ಳಬೇಕಾಗುತ್ತದೆ. ಗಂಗೆಯು ಗಂಗೋತ್ರಿಯಲ್ಲಿ ಹುಟ್ಟುವಳೆಂದು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಹೇಳಬಲ್ಲರು. ಡೋಣಿ ನದಿಯು ತಮ್ಮ ತಾಲೂಕಿನಲ್ಲಿಯೇ ಹುಟ್ಟುವುದೆಂಬುದನ್ನೂ ಅವರು ಅರಿಯಬೇಡವೇ? ಜತ್ತದ ಸೀಮೆಯನ್ನು ಆಳಿದ ಪ್ರಭುಗಳು ಹಲವರು. ಆದರೆ ಇಲ್ಲಿಯ ಜನರ ಬಾಳನ್ನು ಎಲ್ಲರಿಗಿಂತ ಹೆಚ್ಚಾಗಿ ಆಳಿದುದು ನೀರು. ಈ ಮಾತನ್ನು ಭೂಗೋಲ ಮತ್ತು ಇತಿಹಾಸಗಳೆರಡರಿಂದಲೂ ತೋರಿಸುವುದು ಈ ಲೇಖನದ ಉದ್ದೇಶ.

ಜತ್ತವು ಸಾಂಗಲಿ ಜಿಲ್ಲೆಯ ಪೂರ್ವದ ತುದಿಯ ತಾಲೂಕು. ಇದರ ಪಶ್ಚಿಮಕ್ಕೆ ಕವಠೆ ಮಹಾಂಕಾಳ, ಉತ್ತರಕ್ಕೆ ಸೊಲ್ಲಾಪುರ ಜಿಲ್ಲೆಯ ಸಾಂಗೋಲೆ ಹಾಗೂ ಮಂಗಳವೇಢೆ, ಪೂರ್ವಕ್ಕೆ ವಿಜಯಪುರ ಜಿಲ್ಲೆ, ದಕ್ಷಿಣಕ್ಕೆ ಅಥಣಿ ತಾಲೂಕು ಇವೆ. ಅರಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯಲ್ಲಿಯೇ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಮಳೆನೆರಳಿನಲ್ಲಿರುವ ಜತ್ತಕ್ಕೆ ದೊರೆಯುವುದು 500 ಮಿಲಿಮೀಟರಿನ ಆಸುಪಾಸು ಮಾತ್ರ. ಅದೂ ಹೇಳಿದ ಕಾಲಕ್ಕೆ ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಕಲ್ಲುಮಡ್ಡಿಯಲ್ಲಿ ಸಜ್ಜೆ, ಎರೆಭೂಮಿಯಲ್ಲಿ ಹಿಂಗಾರಿ ಜೋಳ ಇವೇ ಇಲ್ಲಿಯ ಹಳೆಯ ಬೆಳೆಗಳು. ಬೆಳೆಯು ಕೈಕೊಟ್ಟಾಗ ಕುರಿಯೇ ಮನೆತನವನ್ನು ಕಾಯುತ್ತದೆ. ಮಾಡಗ್ಯಾಳದ ಕುರಿತಳಿಯು ದೂರದೂರದವರೆಗೆ ಹೆಸರಾಗಿದೆ.

ಈ ಭೂಮಿಯ ಇಳಿಜಾರನ್ನು ಗಮನಿಸಿರಿ. ಇಲ್ಲಿ ಹುಟ್ಟುವ ಬೋರ ನದಿಯು ಈಶಾನ್ಯಕ್ಕೆ ಹರಿದು ಭೀಮೆಯನ್ನು ಕೂಡುತ್ತದೆ. ದಕ್ಷಿಣದ ಭಾಗದಲ್ಲಿ ಹುಟ್ಟುವ ಡೋಣಿಯು ವಿಜಯಪುರದ ಸೀಮೆಯನ್ನು ಹೊಕ್ಕು, ತಾಳಿಕೋಟೆಯ ಬಳಿ ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ಭೀಮೆಯೂ ಕಡೆಗೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿಯೇ ಬೆರೆಯುವುದರಿಂದ, ಜತ್ತದ ದಿನ್ನೆಯ ಮೇಲೆ ಅಗಲಿದ ಎರಡು ಹನಿಗಳು ಅಲ್ಲಿ ಮತ್ತೆ ಒಂದಾಗುವವು. ಡೋಣಿಯ ನೀರು ಸವಳು. ಆದರೆ ಅದರ ದಂಡೆಯ ಎರೆಯು ಬಹಳ ಫಲವತ್ತಾದುದು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯು ಆ ಸೀಮೆಯಲ್ಲಿ ಹುಟ್ಟಿದುದು. ಹೊಳೆಯ ಹುಟ್ಟು ನಮ್ಮಲ್ಲಿ, ಅದರ ಸುಗ್ಗಿ ನೆರೆಯವರಲ್ಲಿ!

ಇನ್ನು ಇತಿಹಾಸದ ಕಡೆಗೆ ಬರೋಣ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನು ಈ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದಳೆಂದು ಸಂಪ್ರದಾಯವು ಹೇಳುತ್ತದೆ. ಲಿಂಗಮ್ಮನೆಂಬ ಆ ಬಾಲೆಯು ಕಲ್ಯಾಣದ ಶರಣರಲ್ಲಿ ದಾನಮ್ಮನೆನಿಸಿಕೊಂಡಳಂತೆ. ಗುಡ್ಡಾಪುರದ ಆಕೆಯ ಗುಡಿಗೆ ಕನ್ನಡಿಗರೂ ಮರಾಠಿಗರೂ ಒಂದೇ ಭಕ್ತಿಯಿಂದ ನಡೆದುಬರುತ್ತಾರೆ.

ಅದೇ ಉಮರಾಣಿಯು 1673ರಲ್ಲಿ ರಣರಂಗವಾಯಿತು. ಬಿಜಾಪುರದ ಸರದಾರ ಬಹಲೋಲಖಾನನು ದಂಡೆತ್ತಿ ಬಂದಾಗ, ಶಿವಾಜಿ ಮಹಾರಾಜರ ಸೇನಾಪತಿ ಪ್ರತಾಪರಾವ ಗುಜರನು ಅವನನ್ನು ಇಲ್ಲಿ ತಡೆದನು. ಏಪ್ರಿಲ್ ತಿಂಗಳ ಉರಿಬಿಸಿಲು. ಪ್ರತಾಪರಾವನು ಶತ್ರುವಿಗೆ ನೀರಿನ ದಾರಿಯನ್ನೇ ಕಟ್ಟಿಬಿಟ್ಟನು. ಬಾಯಾರಿದ ಸೈನ್ಯವು ಸೋಲೊಪ್ಪಲೇಬೇಕಾಯಿತು. ಖಾನನನ್ನು ಸುಮ್ಮನೆ ಹೋಗಗೊಟ್ಟುದಕ್ಕಾಗಿ ಮಹಾರಾಜರು ಸೇನಾಪತಿಯ ಮೇಲೆ ಮುನಿದರು. ಮರುವರ್ಷವೇ ಪ್ರತಾಪರಾವನು ನೇಸರಿಯಲ್ಲಿ ಮಡಿದನು. ಜತ್ತದಲ್ಲಿ ಖಡ್ಗಕ್ಕಿಂತ ನೀರಿನ ಬಲವು ಹೆಚ್ಚಿನದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಡಫಳಾಪುರದ ಪಾಟೀಲಕಿಯ ಮನೆತನದ ಸಟವಾಜಿರಾವ ಚವ್ಹಾಣನು ಆ ಕಾಲದಲ್ಲಿ ಜತ್ತ ಸಂಸ್ಥಾನಕ್ಕೆ ತಳಹದಿ ಹಾಕಿದನು. ಊರ ಹೆಸರಿನಿಂದಲೇ ಆ ಮನೆತನಕ್ಕೆ ಡಫಳೆ ಎಂಬ ಅಡ್ಡಹೆಸರು ಬಂದಿತು. 1820ರಲ್ಲಿ ಇಂಗ್ರಜರು ಇವರೊಡನೆ ಕರಾರು ಮಾಡಿಕೊಂಡರು. 1848ರಲ್ಲಿ ಸಾತಾರೆಯ ದೊರೆಯು ಸಂತಾನವಿಲ್ಲದೆ ತೀರಿಕೊಳ್ಳಲು, ಸಾತಾರೆಯ ಜಹಗೀರುಗಳಲ್ಲೊಂದಾಗಿದ್ದ ಜತ್ತವು ನೇರವಾಗಿ ಇಂಗ್ರಜರ ಅಧೀನಕ್ಕೆ ಬಂದಿತು. ಪ್ರಜೆಗಳಿಗೆ ಉಪದ್ರವ ಹೆಚ್ಚಿದುದರಿಂದ 1874ರಿಂದ 1885ರ ವರೆಗೆ ಇಂಗ್ರಜರೇ ಕಾರಭಾರವನ್ನು ನಡೆಯಿಸಿದರು. ಮುಂದೆ ಸಂಸ್ಥಾನವು ಬಿಜಾಪುರ ಏಜೆನ್ಸಿಗೆ ಸೇರಿತು. 1917ರಲ್ಲಿ ಡಫಳಾಪುರವೂ ಜತ್ತದಲ್ಲಿ ಕೂಡಿತು.

ಈ ಬರಡುಭೂಮಿಯಲ್ಲಿ ಅಧ್ಯಾತ್ಮದ ಬೆಳೆಗೆ ಮಾತ್ರ ಬರವಿರಲಿಲ್ಲ. ಉಮದಿಯ ಭಾವುಸಾಹೇಬ ಮಹಾರಾಜರು 1914ರಲ್ಲಿ ಇಂಚಗೇರಿಯಲ್ಲಿ ದೇಹವಿಟ್ಟರು. ಅವರ ಶಿಷ್ಯರಾದ ತತ್ವಜ್ಞಾನಿ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಮಹಾರಾಷ್ಟ್ರದ ಸಂತರ ಮೇಲೂ ಕನ್ನಡದ ಅನುಭಾವಿಗಳ ಮೇಲೂ ಗ್ರಂಥಗಳನ್ನು ರಚಿಸಿದರು. ಎರಡು ನುಡಿಗಳ ಈ ಸೀಮೆಯ ಗುರುವಿಗೆ ತಕ್ಕ ಶಿಷ್ಯರು ಅವರು!

1948ರ ಮಾರ್ಚ್ 8ರಂದು ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯು ರಚಿತವಾಯಿತು. ಅದಕ್ಕೆ ಸಾಂಗಲಿ ಎಂಬ ಹೆಸರು ಬಂದುದು 1960ರಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಹೋಯಿತು. ಜತ್ತವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಬೀಗರ ಮನೆಗಳ ನಡುವೆ ಗಡಿಗೆರೆ ಬಿದ್ದಿತು. ಈ ಭಾಗದ ಕನ್ನಡ ಹಳ್ಳಿಗಳನ್ನು ಮೈಸೂರಿಗೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ.

ಆದರೆ ಜನರನ್ನು ಕಾಡಿದುದು ಗಡಿಗಿಂತ ಹೆಚ್ಚಾಗಿ ನೀರು. 1972ರ ಬರಗಾಲವನ್ನು ಕಂಡ ಹಿರಿಯರು ಅದನ್ನು ಮರೆತಿಲ್ಲ. ನೀರು ದೊರೆಯದಿದ್ದರೆ ಕರ್ನಾಟಕವನ್ನು ಸೇರುವೆವೆಂದು ತಾಲೂಕಿನ ಹಲವು ಹಳ್ಳಿಗಳು 2012ರಲ್ಲಿ ಠರಾವು ಮಾಡಿದವು. ಆ ಮಾತು 2022ರಲ್ಲಿ ಮತ್ತೆ ಎದ್ದಾಗ, ಕೃಷ್ಣೆಯ ನೀರನ್ನು ಎತ್ತಿ ತರುವ ಮ್ಹೈಸಾಳ ಯೋಜನೆಯನ್ನು ಜತ್ತದ ಉಳಿದ ಹಳ್ಳಿಗಳಿಗೂ ವಿಸ್ತರಿಸಲು ಮಹಾರಾಷ್ಟ್ರ ಸರಕಾರವು ಮುಂದಾಯಿತು. ಅತ್ತ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರೂ ಗಡಿ ದಾಟಿ ತಿಕ್ಕುಂಡಿಯ ಕಡೆಗೆ ಹರಿಯಿತು. ಬಾಯಾರಿದವನು ಕೊಡದ ಮೇಲೆ ಬರೆದ ಅಕ್ಷರವನ್ನು ನೋಡುವುದಿಲ್ಲ.

ಶಿಕ್ಷಕ ಬಂಧುಗಳೇ, ಆಳಿಕೆಗಳು ಬದಲಾದವು, ಜಿಲ್ಲೆಯ ಹೆಸರು ಬದಲಾಯಿತು. ಮಡ್ಡಿಯ ಇಳಿಜಾರು ಮಾತ್ರ ಹಾಗೆಯೇ ಇದೆ. ಮಳೆ ಬಿದ್ದ ಮರುದಿನ ಮಕ್ಕಳನ್ನು ಊರ ಹಳ್ಳದ ದಂಡೆಗೆ ಕರೆದೊಯ್ಯಿರಿ. ಈ ನೀರು ಬೋರ ನದಿಗೆ ಹೋಗುವುದೋ ಡೋಣಿಗೆ ಹೋಗುವುದೋ, ಇದನ್ನು ಎಲ್ಲಿ ತಡೆದು ನಿಲ್ಲಿಸಬಹುದು ಎಂದು ಕೇಳಿರಿ. ಅದನ್ನು ಅವರು ತಮ್ಮ ನುಡಿಯಲ್ಲಿ ಬರೆಯಲಿ. ತನ್ನ ಊರಿನ ನೀರಿನ ದಾರಿಯನ್ನು ಬಲ್ಲ ಮಗುವು ನಾಳೆ ಅದನ್ನು ಕಾಯಲೂ ಬಲ್ಲುದು.