ಭೇದಿ ಮದ್ದು: ಚಿತ್ರದುರ್ಗ ಸೀಮೆಯ ಬಳಕೆ

ಹೊಟ್ಟೆ ಕಟ್ಟಿದಾಗ ಮಲ ಸಡಿಲಿಸಿ ಹೊರಹಾಕಿಸುವ ಔಷಧ, ವೈದ್ಯಗ್ರಂಥಗಳಲ್ಲಿ ವಿರೇಚಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಭೇದಿಗೆ ಎಂದರೆ ಬಹುಕಾಲ ಹರಳೆಣ್ಣೆಯೇ. ಮಳೆ ಕಡಿಮೆ ಬೀಳುವ ಈ ಹೊಲಗಳಲ್ಲಿ ಹರಳು ಅಕ್ಕಡಿ ಸಾಲಿನಲ್ಲೋ ಬದುವಿನ ಮೇಲೋ ಬೆಳೆದುಬಂದ ಗಿಡ. 1801ರಲ್ಲಿ ಈ ದಾರಿಯಲ್ಲಿ ಹಾದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಮೈಸೂರು ಸೀಮೆಯ ಹರಳಿನ ವಿಚಾರ ಬರೆದಿದ್ದಾನೆ.

ಎಣ್ಣೆ ಮನೆಯಲ್ಲೇ ಆಗುತ್ತಿತ್ತು. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಸೌಟಿನಿಂದ ಎತ್ತಿ, ಚಟಪಟ ಸದ್ದು ನಿಲ್ಲುವವರೆಗೆ ಮತ್ತೆ ಕಾಯಿಸುವುದು. ಬೀಜದಲ್ಲಿರುವ ರಿಸಿನ್ ವಿಷ ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಹರಳಿಂಡಿಯನ್ನು ದನಕ್ಕೆ ಹಾಕದೆ ಹೊಲಕ್ಕೆ ಚೆಲ್ಲುವುದು ಅದಕ್ಕೇ.

ಚರಕಸಂಹಿತೆ ವಮನ (ವಾಂತಿ ಮಾಡಿಸುವುದು), ವಿರೇಚನಗಳಿಗೆ ಒಟ್ಟು 600 ಯೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ 245 ವಿರೇಚನದವು. ಇಷ್ಟೊಂದು ಮದ್ದು ಹೇಳಿದ ಶಾಸ್ತ್ರವೇ ಸ್ನೇಹನ (ಎಣ್ಣೆ, ತುಪ್ಪಗಳಿಂದ ಮೈ ಹದಗೊಳಿಸುವುದು), ಸ್ವೇದನ (ಬೆವರಿಸುವುದು), ಪಥ್ಯಗಳ ಕಟ್ಟುಪಾಡನ್ನೂ ವಿಧಿಸಿತು. ಹಳ್ಳಿಮನೆಗಳಲ್ಲೂ ಒಂದು ಲೆಕ್ಕವಿತ್ತು: ರಜೆಯ ಒಂದು ಬೆಳಗ್ಗೆ ಮಕ್ಕಳ ಮೂಗು ಹಿಡಿದು, ಬಿಸಿ ಕಾಫಿಯಲ್ಲೋ ಶುಂಠಿ ಕಷಾಯದಲ್ಲೋ ಹರಳೆಣ್ಣೆ ಬೆರೆಸಿ ಕುಡಿಸಿ, ಮಧ್ಯಾಹ್ನ ಗಂಜಿ. ಮತ್ತೆ ಅದರ ಸುದ್ದಿ ಎಷ್ಟೋ ತಿಂಗಳು ಇರುತ್ತಿರಲಿಲ್ಲ. ಹಸುಗೂಸಿನ ಬಾಯಿಗೆ ಎಣ್ಣೆ ಬಿಡುವ ರೂಢಿ ಮಾತ್ರ ಅಪಾಯದ್ದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಸೋನಾಮುಖಿ ಪುಡಿ, ಬಿಸಾಕೊಡಿಲ್ ಮಾತ್ರೆ ಅಂಗಡಿಯಲ್ಲಿ ಸಲೀಸಾಗಿ ಸಿಗತೊಡಗಿದ ಮೇಲೆ ಈ ಲೆಕ್ಕ ತಪ್ಪಿತು. 'ನಾಟಿ ಪುಡಿ, ಏನೂ ಆಗಲ್ಲ' ಎಂಬ ಮಾತಿಗೆ ಅರ್ಥವಿಲ್ಲ. ಸೋನಾಮುಖಿಯಲ್ಲಿ ಭೇದಿ ಮಾಡಿಸುವ ಅಂಶವಾದ ಸೆನ್ನೋಸೈಡ್ ಎಲೆಯಲ್ಲಿದ್ದರೂ ಮಾತ್ರೆಯಲ್ಲಿದ್ದರೂ ಒಂದೇ. ಚಟ ಹತ್ತುವುದು ಹೀಗೆ: ಭೇದಿಯಾಗಿ ಕರುಳು ಖಾಲಿಯಾದರೆ ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಅಷ್ಟು ದಿನ ಕಾಯದೆ, ಮಲಬದ್ಧತೆ ಮರಳಿತೆಂದು ಅದೇ ರಾತ್ರಿ ಇನ್ನೊಂದು ಚಮಚ.

ಹೆಚ್ಚು ಪ್ರಮಾಣದಲ್ಲಿ ದಿನವೂ ತೆಗೆದುಕೊಂಡರೆ ನೀರಿನ ಜೊತೆ ಪೊಟ್ಯಾಸಿಯಂ ಹೋಗುತ್ತದೆ. ಸುಸ್ತು, ಕಾಲು ಸೆಳೆತ, ಕೆಲವೊಮ್ಮೆ ಎದೆಬಡಿತದ ಏರುಪೇರು. ಸೋನಾಮುಖಿಯಿಂದ ದೊಡ್ಡಕರುಳಿನ ಒಳಪದರ ಕಂದುಗಪ್ಪಾಗುವುದುಂಟು. ಬಿಟ್ಟ ಕೆಲವು ತಿಂಗಳಲ್ಲಿ ಬಣ್ಣ ತಿಳಿಯಾಗುತ್ತದೆ. 'ಕರುಳು ಶಾಶ್ವತವಾಗಿ ಸೋಮಾರಿಯಾಗುತ್ತದೆ' ಎಂಬ ಭಯ 1940ರ ದಶಕದ ಎಕ್ಸ್-ರೇ ವರದಿಗಳಿಂದ ಬಲಿತದ್ದು. ಹೇಳಿದ ಪ್ರಮಾಣ ಮೀರದೆ ಬಳಸುವವರಲ್ಲಿ ಹಾಗಾಗುತ್ತದೆಂಬುದಕ್ಕೆ ಬಲವಾದ ಪುರಾವೆಯಿಲ್ಲ. ಇಸಬ್‌ಗೋಲಿನದು ಬೇರೆ ದಾರಿ: ಅದು ನೀರು ಹೀರಿ ಉಬ್ಬುವ ನಾರು, ಜೊತೆಗೆ ಸಾಕಷ್ಟು ನೀರು ಕುಡಿಯಲೇಬೇಕು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಹೊಟ್ಟೆ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಪುಡಿ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಬೇಕು.