ಗಯೇತಾ ಬಂದರಿನ ನಾವಿಕರು

ಯುದ್ಧನೌಕೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಫಿರಂಗಿಗಳನ್ನೂ ಸೇನಾಪತಿಗಳನ್ನೂ ಕುರಿತು ಬರೆಯುತ್ತಾರೆ. ನಿವೃತ್ತ ನಾವಿಕನ ಮನಸ್ಸಾದರೋ, ತನಗೆ ನೆಲೆಯಿತ್ತ ಪರದೇಶದ ಊರಿನತ್ತ ಹರಿಯುವುದುಂಟು. ಇಟಲಿಯ ಗಯೇತಾ ಅಂತಹ ಊರುಗಳಲ್ಲೊಂದು. ರೋಮ್ ಮತ್ತು ನೇಪಲ್ಸ್ ನಗರಗಳ ನಡುವೆ, ಸಮುದ್ರಕ್ಕೆ ಚಾಚಿಕೊಂಡಿರುವ ಗುಡ್ಡದ ಮಗ್ಗುಲಲ್ಲಿ ಅದು ನೆಲೆಸಿದೆ.

ಈ ಊರಿಗೂ ಕಡಲಿಗರಿಗೂ ಇರುವ ನಂಟು ಬಹಳ ಹಳೆಯದು. ನಾವಿಕರ ಪಾಲಕರಾದ ಸಂತ ಎರಾಸ್ಮುಸರ ಅವಶೇಷಗಳು ಇಲ್ಲಿಯ ಪ್ರಧಾನಾಲಯದಲ್ಲಿವೆ. ಬಿರುಗಾಳಿಯ ರಾತ್ರಿಗಳಲ್ಲಿ ಹಡಗಿನ ಕಂಬದ ತುದಿಯಲ್ಲಿ ಕಾಣಿಸಿಕೊಳ್ಳುವ ನೀಲಿ ಬೆಳಕನ್ನು ನಾವಿಕರು ‘ಸಂತ ಎಲ್ಮೋರ ಬೆಂಕಿ’ ಎಂದು ಕರೆದುದು ಇವರ ಹೆಸರಿನಿಂದಲೇ. 1571ರ ಲೆಪಾಂತೊ ಕದನಕ್ಕೆ ಹೊರಟ ಪೋಪರ ನೌಕಾಪಡೆಯ ಧ್ವಜವೂ ಈ ಊರಿನಲ್ಲೇ ಉಳಿದುಬಂದಿದೆ.

1848ರ ನವೆಂಬರಿನಲ್ಲಿ ರೋಮಿನ ಕ್ರಾಂತಿಯಿಂದ ಪಾರಾಗಿ ಬಂದ ಜಗದ್ಗುರು ಒಂಬತ್ತನೆಯ ಪಿಯುಸರಿಗೆ ಆಶ್ರಯ ದೊರೆತದ್ದು ಗಯೇತಾದಲ್ಲಿ. ಮರಿಯಮ್ಮನವರ ಅಮಲೋದ್ಭವವನ್ನು ಕುರಿತು ಲೋಕದ ಧರ್ಮಾಧ್ಯಕ್ಷರ ಅಭಿಪ್ರಾಯ ಕೇಳಿದ ಪತ್ರವನ್ನು ಅವರು 1849ರ ಫೆಬ್ರವರಿ 2ರಂದು ಹೊರಡಿಸಿದ್ದು ಇಲ್ಲಿಂದಲೇ. ಅದೇ ವರ್ಷದ ಬೇಸಗೆಯಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಎಂಬ ಯುದ್ಧನೌಕೆ ಬಂದರಿಗೆ ಬಂದಿತು. ರೋಮಿನ ಕಲಹದಲ್ಲಿ ತಟಸ್ಥವಾಗಿರಬೇಕೆಂಬುದು ಅಮೆರಿಕದ ನಿಲುವು. ಆದರೂ ಕಪ್ತಾನ ಜಾನ್ ಗ್ವಿನ್ನರು ಆಶ್ರಿತರಾಗಿದ್ದ ಜಗದ್ಗುರುಗಳನ್ನು ಹಡಗಿಗೆ ಬರಮಾಡಿಕೊಂಡರು. ಸಾಲಾಗಿ ನಿಂತ ಕಥೋಲಿಕ ನಾವಿಕರಿಗೆ ಜಗದ್ಗುರುಗಳು ಆಶೀರ್ವಾದವಿತ್ತರು. ಅಮೆರಿಕದ ಅಧಿಕಾರಕ್ಕೆ ಒಳಪಟ್ಟ ನೆಲೆಯ ಮೇಲೆ ಪೋಪರೊಬ್ಬರು ಕಾಲಿಟ್ಟದ್ದು ಅದೇ ಮೊದಲು. ಗ್ವಿನ್ನರಾದರೋ ಮರಳಿ ತಾಯ್ನಾಡನ್ನು ಕಾಣಲಿಲ್ಲ. ಕೆಲವೇ ವಾರಗಳಲ್ಲಿ, ಸೆಪ್ಟೆಂಬರಿನಲ್ಲಿ, ಅವರು ಪಲೆರ್ಮೊದಲ್ಲಿ ತೀರಿಕೊಂಡರು.

ಶತಮಾನವೊಂದು ಕಳೆದ ಮೇಲೆ ಅಮೆರಿಕದ ನಾವಿಕರು ಈ ಊರಿಗೆ ಸಂಸಾರ ಸಮೇತರಾಗಿ ಬಂದರು. ಮೆಡಿಟರೇನಿಯನ್ ಸಮುದ್ರದಲ್ಲಿರುವ ಅಮೆರಿಕದ ಆರನೆಯ ನೌಕಾಪಡೆಯ ಮುಖ್ಯ ಹಡಗು ಅಲ್ಲಿಯವರೆಗೆ ಫ್ರಾನ್ಸಿನ ವಿಲ್‌ಫ್ರಾಂಶ್‌ನಲ್ಲಿ ತಂಗುತ್ತಿತ್ತು. 1966ರಲ್ಲಿ ಫ್ರಾನ್ಸ್ ನೇಟೋ ಒಕ್ಕೂಟದ ಸೈನಿಕ ವ್ಯವಸ್ಥೆಯಿಂದ ಹೊರಬಂದುದರಿಂದ, 1967ರಲ್ಲಿ ಆ ನೆಲೆ ಗಯೇತಾಕ್ಕೆ ಬದಲಾಯಿತು. ಮೊದಲು ‘ಲಿಟ್ಲ್ ರಾಕ್’, ಆ ಬಳಿಕ ‘ಸ್ಪ್ರಿಂಗ್‌ಫೀಲ್ಡ್’, ‘ಆಲ್ಬನಿ’ ಮುಂತಾದ ಹಡಗುಗಳು ಸರದಿಯಂತೆ ಬಂದವು. 2005ರಲ್ಲಿ ‘ಮೌಂಟ್ ವಿಟ್ನಿ’ ಬಂದಿತು.

ನಾವಿಕರ ಅನೇಕ ಕುಟುಂಬಗಳು ಊರಿನವರ ನಡುವೆ ಬಾಡಿಗೆ ಮನೆ ಹಿಡಿದು ಬಾಳಿದವು. ಹಡಗು ವಾರಗಟ್ಟಲೆ ಕಡಲಿನಲ್ಲಿರುವಾಗ, ಭಾಷೆಯರಿಯದ ತಾಯಿ ಕೈಸನ್ನೆಯಿಂದಲೇ ಅಂಗಡಿ ವ್ಯವಹಾರ ಮಾಡಬೇಕು. ಮಗುವಿಗೆ ಜ್ವರ ಬಂದರೆ ನೆರೆಮನೆಯ ಅಜ್ಜಿಯೇ ಗತಿ. ಮಧ್ಯಾಹ್ನ ಬಾಗಿಲು ಮುಚ್ಚುವ ಅಂಗಡಿಗಳು, ಹಳೆಯ ಊರಿನ ಇಕ್ಕಟ್ಟಾದ ಏರುಬೀದಿಗಳು, ಸೆರಾಪೊ ಕಡಲತೀರ, ಊರಿನ ಹೆಸರನ್ನೇ ಹೊತ್ತ ಕಪ್ಪು ಆಲಿವ್ ಕಾಯಿ, ಎರಡು ಪದರ ಹಿಟ್ಟಿನ ನಡುವೆ ಅಷ್ಟಪದಿಯ ಮಾಂಸವನ್ನು ತುಂಬಿ ಬೇಯಿಸುವ ‘ತಿಯೆಲ್ಲಾ’: ಇವೆಲ್ಲವೂ ಇಂತಹ ನೆನಪುಗಳ ಭಂಡಾರವೇ ಸರಿ.

ಈ ಬಾಳು ಬರಿಯ ಸೊಗಸಿನದಾಗಿರಲಿಲ್ಲ. 1975ರ ನವೆಂಬರ್ 22ರ ರಾತ್ರಿ, ಸಿಸಿಲಿಯ ಪೂರ್ವಕ್ಕೆ, ‘ಬೆಲ್ಕ್‌ನಾಪ್’ ಎಂಬ ಹಡಗು ‘ಜಾನ್ ಎಫ್. ಕೆನಡಿ’ ಎಂಬ ವಿಮಾನವಾಹಕಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಎರಡೂ ಹಡಗುಗಳಿಂದ ಎಂಟು ಮಂದಿ ಮಡಿದರು. ಶತ್ರುವಿಲ್ಲದ ರಾತ್ರಿಯಲ್ಲಿಯೂ ಕಡಲಿನ ಸೇವೆ ಪ್ರಾಣವನ್ನು ಕೇಳಬಲ್ಲದು. ಹೊಸದಾಗಿ ಕಟ್ಟಲ್ಪಟ್ಟ ಅದೇ ಹಡಗು 1986ರಲ್ಲಿ ಗಯೇತಾಕ್ಕೆ ಬಂದಿತು. 1989ರ ಡಿಸೆಂಬರಿನಲ್ಲಿ ಅಧ್ಯಕ್ಷ ಬುಷ್ ಮತ್ತು ಗೋರ್ಬಚೇವ್ ಮಾಲ್ಟಾದ ಬಿರುಗಾಳಿಯ ನಡುವೆ ಶಾಂತಿಯ ಮಾತನಾಡಿದಾಗ ಬುಷ್ ತಂಗಿದ್ದುದು ಅದರಲ್ಲಿಯೇ.

ನಮ್ಮ ಕರಾವಳಿಗೆ ಈ ಕಥೆ ದೂರದ್ದೇನಲ್ಲ. ಹಡಗಿನ ಕೆಲಸಕ್ಕೆ ಹೋದ ಮಗನ ಪತ್ರಕ್ಕಾಗಿ ಕಾದ ಮನೆಗಳು ಇಲ್ಲಿಯೂ ಉಂಟು. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿಯವರು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳನ್ನು ಚಿತ್ರಗಳಿಂದ ತುಂಬಿ, 1905ರಲ್ಲಿ ಕೊಚ್ಚಿಯಲ್ಲಿ ಕಣ್ಮುಚ್ಚಿದರು. ಅವರಿಗೂ ಪರದೇಶವೇ ಮನೆಯಾಗಿತ್ತು.

ಹಡಗುಗಳು ಬರುತ್ತವೆ, ಹೋಗುತ್ತವೆ. ‘ಲಿಟ್ಲ್ ರಾಕ್’ ಇಂದು ಅಮೆರಿಕದ ಬಫಲೋ ನಗರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಆದರೆ ಪರಕೀಯನಿಗೆ ಬಾಗಿಲು ತೆರೆದ ಮನೆಯ ನೆನಪು ಉಕ್ಕಿಗಿಂತ ಬಾಳಿಕೆಯುಳ್ಳದ್ದು. ನಮ್ಮ ಧರ್ಮಕೇಂದ್ರಕ್ಕೆ ಹೊಸದಾಗಿ ಬಂದು ನೆಲೆಸುವವರೂ ನಮ್ಮ ಮನೆಗಳನ್ನು ಹಾಗೆಯೇ ನೆನೆಯುವಂತಾಗಲಿ. ಸಮುದ್ರತಾರೆಯಾದ ಮಾತೆಯು ಕಡಲಿನಲ್ಲಿರುವವರನ್ನೂ ಅವರಿಗಾಗಿ ದಡದಲ್ಲಿ ಕಾಯುವವರನ್ನೂ ಕಾಪಾಡಲಿ.